ಹಸುವಿಗೆ ಇಂಜೆಕ್ಷನ್ ಕೊಡುವ ಹಕ್ಕು ಯಾರಿಗಿದೆ? ಕಾನೂನು ಗೊತ್ತಿರುವವರು ಹೇಳಿ

ಹೈನುಗಾರ_ಅರಸೀಕೆರೆ
ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಹಸು ಸತ್ತುಹೋಯಿತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ, ಮೂರನೇ ಸೂಲು, ಕರು ಹಾಕಿ ಎರಡನೇ ದಿನ.

ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋದೆ. ಎಬ್ಬಿಸಿದರೂ ಏಳುತ್ತಿಲ್ಲ. ಕತ್ತನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಪಶು ಆಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿದೆ. ಪಾಪ ಅವರಿಗೆ ಎರಡು ಆಸ್ಪತ್ರೆ ಚಾರ್ಜು, ಮೇಲೆ ಕಾಲುಬಾಯಿ ಜ್ವರದ ಲಸಿಕೆ ಕೆಲಸ ಬೇರೆ. ಹತ್ತು ಗಂಟೆಯೊಳಗೆ ಬರಲು ಆಗುವುದಿಲ್ಲ ಎಂದರು. ಅಷ್ಟು ಹೊತ್ತು ಕಾಯುವ ಧೈರ್ಯ ನನಗಿರಲಿಲ್ಲ. ಪಕ್ಕದ ಊರಿನಲ್ಲಿ ಒಬ್ಬರು ಬ್ಯಾಗ್ ಹಾಕಿಕೊಂಡು ಬೈಕಿನಲ್ಲಿ ತಿರುಗುತ್ತಾರೆ, ಎಲ್ಲರೂ ‘ಡಾಕ್ಟ್ರು’ ಅಂತಲೇ ಕರೆಯುತ್ತಾರೆ. ಅವರನ್ನು ಕರೆಸಿದೆ.

ಬಂದವರು ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದರು. ಕತ್ತಿನ ನರಕ್ಕೆ ಸೂಜಿ ಹಾಕಿ ಬಾಟಲಿ ಎತ್ತಿ ಹಿಡಿದರು. ಮೊದಲನೇ ಬಾಟಲಿ ಮುಗಿಯಲು ಐದು ನಿಮಿಷವೂ ಆಗಲಿಲ್ಲ. ಎರಡನೆಯದು ಅರ್ಧ ಹೋಗಿತ್ತು, ಹಸು ಮೈಯೆಲ್ಲ ನಡುಗಿ, ಒಂದು ಸಲ ಜೋರಾಗಿ ಕೂಗಿ, ಕಾಲು ಚಾಚಿಬಿಟ್ಟಿತು. ಅವರು 1,200 ರೂಪಾಯಿ ತೆಗೆದುಕೊಂಡು ಹೋದರು. ಆಮೇಲೆ ವಿಚಾರಿಸಿದರೆ ಅವರು ಓದಿರುವುದು ಎಸ್ಸೆಸ್ಸೆಲ್ಸಿ. ಹಿಂದೆ ಯಾರೋ ಡಾಕ್ಟರ ಜೊತೆ ಸಹಾಯಕ್ಕೆ ಹೋಗುತ್ತಿದ್ದರಂತೆ.

ನನ್ನ ಪ್ರಶ್ನೆ ಮೂರು. ಇವರು ಹೀಗೆ ಚಿಕಿತ್ಸೆ ಕೊಡಬಹುದಾ? ದೂರು ಕೊಡುವುದಾದರೆ ಎಲ್ಲಿ? ಮೂರನೆಯದೇ ದೊಡ್ಡದು: ದೂರು ಕೊಟ್ಟರೆ ನಾಳೆ ರಾತ್ರಿ ಎರಡು ಗಂಟೆಗೆ ನಮ್ಮೂರಿಗೆ ಬರುವವರು ಯಾರು? ಊರಿನವರು ನನ್ನನ್ನೇ ಬೈಯುತ್ತಾರೆ.

ಕೊಟ್ಟಿಗೆಮನೆ_ಮಾಲೂರು
ಓದಿ ಹೊಟ್ಟೆ ಉರಿಯಿತು ಅಣ್ಣ. ಎರಡು ದಿನದ ಬಾಣಂತಿ ಹಸು ಕಣ್ಣೆದುರು ಹೋಗುವುದು ಸಣ್ಣ ಮಾತಲ್ಲ. ಇನ್ಶೂರೆನ್ಸ್ ಮಾಡಿಸಿದ್ದಿರಾ? ಕಿವಿಗೆ ಹಾಕುವ ನಂಬರಿನ ಓಲೆ ಇತ್ತಾ?

ಹೈನುಗಾರ_ಅರಸೀಕೆರೆ
ಓಲೆ ಇತ್ತಕ್ಕ, ಪಾಲಿಸಿಯೂ ಇದೆ. ಮಧ್ಯಾಹ್ನ ಸರ್ಕಾರಿ ಡಾಕ್ಟರೇ ಬಂದು ಪೋಸ್ಟ್‌ಮಾರ್ಟಂ ಮಾಡಿದರು. ಓಲೆ ಸಮೇತ ಫೋಟೋ ತೆಗೆದಿಟ್ಟಿದ್ದೇನೆ.

ಪಶುವೈದ್ಯ_ಮಧುಗಿರಿ
ನಾನು ಇಲಾಖೆಯಲ್ಲಿ ಇದ್ದು ನಿವೃತ್ತಿ ಆದವನು. ನೀವು ಹೇಳಿದ ಲಕ್ಷಣ ಕೇಳಿದರೆ ಹಾಲು ಜ್ವರದ ಹಾಗೇ ಇದೆ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಾಗುತ್ತದೆ. ಕರು ಹಾಕಿದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಸರಿಯಾಗಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಹಸು ಎದ್ದು ನಿಂತು ಮೇವಿಗೆ ಬಾಯಿ ಹಾಕುತ್ತದೆ. ನಮ್ಮ ಕೆಲಸದಲ್ಲಿ ಇದರಷ್ಟು ಸಂತೋಷ ಕೊಡುವ ಕೇಸ್ ಇನ್ನೊಂದಿಲ್ಲ.

ಆದರೆ ಅದೇ ಕ್ಯಾಲ್ಸಿಯಂ ಬೇಗ ಬಿಟ್ಟರೆ ಹೃದಯ ನಿಲ್ಲುತ್ತದೆ. ಚಳಿಯಲ್ಲಿ ಬಾಟಲಿಯನ್ನು ಮೊದಲು ಬಿಸಿನೀರಿನ ಬಕೆಟ್ಟಿನಲ್ಲಿ ಇಡಬೇಕು. ಹನಿ ನಿಧಾನಕ್ಕೆ ಬಿಡಬೇಕು. ಒಂದು ಕೈಯಲ್ಲಿ ಬಾಟಲಿ, ಕಿವಿಯಲ್ಲಿ ಸ್ಟೆತೊಸ್ಕೋಪು. ಎದೆಬಡಿತ ತಾಳ ತಪ್ಪಿತು ಎಂದರೆ ತಕ್ಷಣ ನಿಲ್ಲಿಸಬೇಕು. ಒಂದು 450 ಎಂಎಲ್ ಬಾಟಲಿಗೆ ನಾನು ಯಾವತ್ತೂ ಕಾಲು ಗಂಟೆಗಿಂತ ಕಡಿಮೆ ಹೊತ್ತು ತೆಗೆದುಕೊಂಡಿಲ್ಲ. ಇನ್ನೊಂದು ವಿಷಯ: ಮಲಗಿದ ಹಸುವಿಗೆಲ್ಲ ಹಾಲು ಜ್ವರ ಇರುವುದಿಲ್ಲ. ಕೆಚ್ಚಲು ಬಾವಿನ ವಿಷ ಏರಿದರೂ ಹಸು ಹೀಗೇ ಮಲಗುತ್ತದೆ. ಅಂಥ ಹಸುವಿಗೆ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ. ಸೂಜಿ ಚುಚ್ಚುವುದನ್ನು ಯಾರು ಬೇಕಾದರೂ ಕಲಿಯಬಹುದು. ಯಾವಾಗ ಚುಚ್ಚಬಾರದು ಎನ್ನುವುದನ್ನು ಕಲಿಯಲು ಐದೂವರೆ ವರ್ಷ ಬೇಕು.

ಕಾನೂನಿನ ವಿಷಯ. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984. ಅದರ 30ನೇ ಸೆಕ್ಷನ್ ಓದಿ. ನೋಂದಾಯಿತ ಪಶುವೈದ್ಯರನ್ನು ಬಿಟ್ಟು ಬೇರೆಯವರು ಪಶು ಚಿಕಿತ್ಸೆ ಮಾಡುವ ಹಾಗಿಲ್ಲ, ಆರೋಗ್ಯ ಸರ್ಟಿಫಿಕೇಟಿಗೆ ಸಹಿ ಹಾಕುವ ಹಾಗಿಲ್ಲ. ನಿಮ್ಮ ಊರಿನ ಆ ಮನುಷ್ಯ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಡಿಪ್ಲೊಮಾ_ಹುಡುಗ
ಸರ್, ಆ ಸೆಕ್ಷನ್ ಪೂರ್ತಿ ಹೇಳಿ. ಅರ್ಧ ಹೇಳಿ ನಿಲ್ಲಿಸಬೇಡಿ. ಅದೇ 30ರಲ್ಲಿ ಒಂದು ವಿನಾಯಿತಿ ಇದೆ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವವರು, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಕೊಡಬಹುದು ಎಂದು ರಾಜ್ಯ ಸರ್ಕಾರ ಆದೇಶ ಮಾಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಔಷಧಿ ಹಾಕಿ ಕಟ್ಟುವುದು, ಇವು ಕಾಯ್ದೆಯಲ್ಲೇ ಇವೆ. ಇನ್ನೂ ಯಾವ ಯಾವ ಕಾಯಿಲೆ ಸೇರಿಸಬಹುದು ಎನ್ನುವುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳಬಹುದು.

ನಾನು ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಮಾಡಿದ್ದೇನೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಕೊಟ್ಟ ಡಿಪ್ಲೊಮಾ. ನನ್ನನ್ನೂ ಆ ಎಸ್ಸೆಸ್ಸೆಲ್ಸಿ ಬ್ಯಾಗಿನವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಲಸಿಕೆ ಹಾಕುವಾಗ ಮನೆ ಮನೆಗೆ ಹೋಗಲು ನಾವು ಬೇಕು. ಗೂಳಿ ಒದ್ದು ಮಂಡಿ ಚಿಪ್ಪು ಒಡೆಸಿಕೊಳ್ಳಲು ನಾವು ಬೇಕು. ಮರುದಿನ ಒಂದು ಹೊಟ್ಟೆ ಉಬ್ಬರಕ್ಕೆ ಔಷಧಿ ಕುಡಿಸಿದರೆ ನಕಲಿ ಡಾಕ್ಟರ್ ಎನ್ನುತ್ತಾರೆ.

ಪಶುವೈದ್ಯ_ಮಧುಗಿರಿ
ತಮ್ಮಾ, ನಿನ್ನನ್ನು ನಕಲಿ ಎಂದಿಲ್ಲ. ನನ್ನ ಸರ್ವೀಸಿನಲ್ಲಿ ನನ್ನ ಕೈಕೆಳಗೆ ಇದ್ದ ಹಿರಿಯ ಪಶುವೈದ್ಯಕೀಯ ಪರೀಕ್ಷಕರೊಬ್ಬರಿಂದ ನಾನು ಕಲಿತದ್ದು ಬಹಳ. ಆದರೆ ಕಾಯ್ದೆ ‘ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ’ ಎನ್ನುತ್ತದೆ. ನರಕ್ಕೆ ಕ್ಯಾಲ್ಸಿಯಂ ಕೊಡುವುದು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಲ್ಲ.

ಕುರಿಗಾರ_ಹಿರಿಯೂರು
ಕಾಯ್ದೆ ಓದುವವರು ಒಂದು ಸಲ ನಮ್ಮ ಹಟ್ಟಿಗೆ ಬನ್ನಿ. 180 ಕುರಿ ಇವೆ. ವರ್ಷದಲ್ಲಿ ಆರೇಳು ತಿಂಗಳು ವಲಸೆ. ಮಳೆ ಬಿದ್ದ ಮೇಲೆ ಹಸಿ ಹುಲ್ಲು ಮೇಯ್ದರೆ ಕರುಳು ಬೇನೆ ಬರುತ್ತದೆ. ಸಂಜೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಕಾಲು ಸೆಟೆದು ಬಿದ್ದಿರುತ್ತದೆ. ಡಾಕ್ಟರ್ ಎಲ್ಲಿ, ನಾವೆಲ್ಲಿ. ನಮ್ಮಪ್ಪ ಸಿರಿಂಜ್ ಹಿಡಿಯುವುದು ಕಲಿತ, ನಾನೂ ಕಲಿತೆ. ಜಂತಿನ ಔಷಧಿ, ಟೆರಾಮೈಸಿನ್ ಎನ್ನುವ ಆ್ಯಂಟಿಬಯೋಟಿಕ್, ಎಲ್ಲ ನಾನೇ ಕೊಡುತ್ತೇನೆ. ಹಾಗಾದರೆ ನಾನೂ ಅಪರಾಧಿಯಾ?

ಧಾರವಾಡ_ವಕೀಲ
ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಸಂವಿಧಾನದಲ್ಲಿ ಪಶುವೈದ್ಯ ಶಿಕ್ಷಣ ಮತ್ತು ವೃತ್ತಿ ರಾಜ್ಯ ಪಟ್ಟಿಯ 15ನೇ ನಮೂದಿನಲ್ಲಿದೆ. ಅಂದರೆ ಅದು ರಾಜ್ಯದ ವಿಷಯ. ಮನುಷ್ಯರ ವೈದ್ಯ ವೃತ್ತಿ ಹಾಗಲ್ಲ. ಅದು ಸಮವರ್ತಿ ಪಟ್ಟಿಯ 26ನೇ ನಮೂದು, ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಹಾಗಾದರೆ 1984ರಲ್ಲಿ ಸಂಸತ್ತು ಪಶುವೈದ್ಯರ ಕಾಯ್ದೆ ಮಾಡಿದ್ದು ಹೇಗೆ? ಸಂವಿಧಾನದ 252ನೇ ವಿಧಿ ಇದೆ. ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ‘ನಮ್ಮ ಪರವಾಗಿ ನೀವೇ ಮಾಡಿ’ ಎಂದು ನಿರ್ಣಯ ಮಾಡಿ ಕೇಳಿದರೆ ಸಂಸತ್ತು ಮಾಡಬಹುದು. ಹರಿಯಾಣ, ಬಿಹಾರ, ರಾಜಸ್ಥಾನ ಮುಂತಾದವು ಕೇಳಿದವು. ಉಳಿದವು ಆಮೇಲೆ ಒಪ್ಪಿಕೊಂಡವು, ಕರ್ನಾಟಕವೂ ಸೇರಿ.

ಇದರ ಪರಿಣಾಮ ಏನೆಂದರೆ, ಒಮ್ಮೆ ಒಪ್ಪಿಕೊಂಡ ಮೇಲೆ ಆ ಕಾಯ್ದೆಯನ್ನು ವಿಧಾನಸೌಧದಲ್ಲಿ ತಿದ್ದಲು ಬರುವುದಿಲ್ಲ. ಸಂಸತ್ತೇ ತಿದ್ದಬೇಕು. ರಾಜ್ಯದ ಕೈಯಲ್ಲಿ ಉಳಿದಿರುವುದು ಡಿಪ್ಲೊಮಾ ಹುಡುಗರು ಹೇಳಿದ ಆ ಅಧಿಸೂಚನೆಯ ಅಧಿಕಾರ. ಯಾವ ಚಿಕಿತ್ಸೆ ಸಣ್ಣದು, ಯಾರು ಮಾಡಬಹುದು ಎನ್ನುವುದನ್ನು ಖಚಿತವಾಗಿ ಬರೆಯಬೇಕಾದ ಜಾಗ ಅದು. ಸಾಮಾನ್ಯ ರೈತನಿಗೆ ಅದರ ಗಂಧವೇ ಇಲ್ಲ. ಪಶು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರೆ ಸಾಕಿತ್ತು.

ಕುರಿಗಾರರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಕುರಿಗೆ ನೀವು ಔಷಧಿ ಕೊಡುವುದಕ್ಕೂ, ಊರೂರು ತಿರುಗಿ ದುಡ್ಡಿಗೆ ಚಿಕಿತ್ಸೆ ಮಾಡುವುದಕ್ಕೂ ವ್ಯತ್ಯಾಸ ಇದೆ. ಕಾಯ್ದೆ ತಡೆಯುವುದು ವೃತ್ತಿಯನ್ನು.

ಅರಸೀಕೆರೆಯವರೇ, ನಿಮಗೆ ದಾರಿ ಇದೆ. ನೀವು ಹಣ ಕೊಟ್ಟು ಸೇವೆ ಪಡೆದಿದ್ದೀರಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಫೋನ್‌ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪೋಸ್ಟ್‌ಮಾರ್ಟಂ ವರದಿಯ ಪ್ರತಿ ಬಿಡಬೇಡಿ.

ಹೈನುಗಾರ_ಅರಸೀಕೆರೆ
ಫೋನ್‌ಪೇನಲ್ಲೇ ಹಾಕಿದ್ದು ಸರ್. ಉಪಕಾರವಾಯಿತು.

ಔಷಧಿ_ಅಂಗಡಿ
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಕುರಿಗಾರರು ಟೆರಾಮೈಸಿನ್ ಎಂದರು. ಅದು ಶೆಡ್ಯೂಲ್ ಎಚ್ ಔಷಧಿ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಪಶುವೈದ್ಯರ ಚೀಟಿಯೂ ನಡೆಯುತ್ತದೆ. ಆದರೆ ದಿನಕ್ಕೆ ಹತ್ತು ಜನ ಖಾಲಿ ಬಾಟಲಿ ತಂದು ‘ಇದೇ ಕೊಡಿ’ ಎನ್ನುತ್ತಾರೆ. ಇಲ್ಲ ಎಂದರೆ ಎದುರುಗಡೆ ಅಂಗಡಿಗೆ ಹೋಗುತ್ತಾರೆ. ನಾನು ಇಲ್ಲ ಎನ್ನಲು ಶುರು ಮಾಡಿ ಒಂದು ವರ್ಷ ಆಯಿತು. ವ್ಯಾಪಾರ ಕಡಿಮೆಯಾಗಿದೆ, ಆದರೂ ಹಾಗೇ ನಡೆಸುತ್ತಿದ್ದೇನೆ.

ಲೇಬಲ್ ಮೇಲೆ ಹಾಲು, ಮಾಂಸ ಎಷ್ಟು ದಿನ ಬಳಸಬಾರದು ಎಂದು ಇರುತ್ತದೆ. ಆ ಔಷಧಿಗೆ ಪರೀಕ್ಷಿಸಿ ನಿಗದಿ ಮಾಡಿದ ಅವಧಿ ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು 2012ರಲ್ಲೇ ನಿಯಮ ಬಂದಿದೆ. ಬ್ಯಾಗಿನ ಡಾಕ್ಟರು ಯಾವ ರೈತನಿಗೆ ಇದನ್ನು ಹೇಳಿದ್ದಾರೆ? ಬೆಳಿಗ್ಗೆ ಇಂಜೆಕ್ಷನ್, ಸಂಜೆ ಹಾಲು ಡೈರಿಗೆ. ಅದೇ ಹಾಲು ನಮ್ಮ ಮಕ್ಕಳ ಲೋಟಕ್ಕೆ.

ಕೊಟ್ಟಿಗೆಮನೆ_ಮಾಲೂರು
7 ದಿನ ಹಾಲು ಚೆಲ್ಲು ಎಂದರೆ ದಿನಕ್ಕೆ 14 ಲೀಟರ್ ಕೊಡುವ ಹಸು ಇಟ್ಟವರು ಏನು ಮಾಡಬೇಕು? ಲೆಕ್ಕ ನೀವೇ ಹಾಕಿ. ನಾನು ಸರಿ ಎನ್ನುತ್ತಿಲ್ಲ. ಯಾರೂ ಹೇಳದೆ ಇದ್ದಾಗ ರೈತರನ್ನೇ ಬೈಯಬೇಡಿ ಅಂತ ಅಷ್ಟೇ. ನನ್ನ ತಂಗಿ ಪಶು ಸಖಿ. ಸಂಜೀವಿನಿ ಸಂಘದಿಂದ ತರಬೇತಿ ಕೊಟ್ಟಿದ್ದಾರೆ. ಮೇಕೆ, ಕುರಿಗೆ ಜಂತಿನ ಔಷಧಿ, ಲಸಿಕೆಗೆ ಜನ ಸೇರಿಸುವುದು, ಕೊಟ್ಟಿಗೆ ಸ್ವಚ್ಛತೆ, ಇದೆಲ್ಲ ಮಾಡುತ್ತಾಳೆ. ‘ನರಕ್ಕೆ ಸೂಜಿ ಹಾಕುವುದು ನನ್ನ ಕೆಲಸ ಅಲ್ಲ’ ಎಂದು ಅವಳೇ ಹೇಳುತ್ತಾಳೆ. ಎಲ್ಲಿ ನಿಲ್ಲಬೇಕು ಎನ್ನುವುದನ್ನು ಅವಳಿಗೆ ಚೆನ್ನಾಗಿ ಕಲಿಸಿದ್ದಾರೆ.

ಡಿಪ್ಲೊಮಾ_ಹುಡುಗ
ಅಕ್ಕ ಹೇಳಿದ್ದೇ ನಾನು ಕೇಳುತ್ತಿರುವುದು. ಎಲ್ಲಿ ನಿಲ್ಲಬೇಕು ಎಂದು ಬರೆದು ಕೊಡಿ. ನಾವು ಅಲ್ಲಿ ನಿಲ್ಲುತ್ತೇವೆ.

ಹಳ್ಳಿ_ನರ್ಸ್
ಮನುಷ್ಯರ ಕಡೆ ಇದನ್ನೇ ಮಾಡಲು ಹೊರಟು ಎಷ್ಟು ಜಗಳ ಆಗಿದೆ ಗೊತ್ತಲ್ವಾ? ನಾನು ಬಿಎಸ್‌ಸಿ ನರ್ಸಿಂಗ್ ಮಾಡಿ ಆರು ತಿಂಗಳ ಕೋರ್ಸ್ ಮುಗಿಸಿ ಸಮುದಾಯ ಆರೋಗ್ಯ ಅಧಿಕಾರಿ ಆಗಿದ್ದೇನೆ. ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡುತ್ತೇನೆ, ಪಟ್ಟಿಯಲ್ಲಿರುವ ಮಾತ್ರೆ ಕೊಡುತ್ತೇನೆ, ಅದಕ್ಕೆ ಮೀರಿದ್ದನ್ನು ಪಿಎಚ್‌ಸಿಗೆ ಕಳಿಸುತ್ತೇನೆ. ನನ್ನ ಮಿತಿ ನನಗೆ ಗೊತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ‘ಸಮುದಾಯ ಆರೋಗ್ಯ ಸೇವಾದಾರ’ ಎಂದು ಸೀಮಿತ ಲೈಸೆನ್ಸ್ ಕೊಡುವ ಮಾತು ಬಂದಾಗ ದೇಶದ ಡಾಕ್ಟರುಗಳೆಲ್ಲ ಬೀದಿಗೆ ಇಳಿದರು. ಅದೇ ಕಾಯ್ದೆಯ 34ರಲ್ಲಿ ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಹೋಗಿ ನೋಡಿ, ನಮ್ಮ ಹೋಬಳಿಯಲ್ಲೇ ಇಬ್ಬರು ಬೋರ್ಡ್ ಇಲ್ಲದೆ ಡ್ರಿಪ್ ಹಾಕುತ್ತಾರೆ.

ಬಿಎಎಂಎಸ್_ಬಾಗಲಕೋಟೆ
ಮೇಡಂ, ಬೋರ್ಡಿನ ವಿಷಯ ಬಂತು ಅಂತ ಹೇಳುತ್ತೇನೆ. ಈಗ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆ ಬೋರ್ಡಿನಲ್ಲಿ ಹಾಕಲೇಬೇಕು. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ ಎಂದೂ ಆರೋಗ್ಯ ಇಲಾಖೆ ಹೇಳಿದೆ. ನನ್ನದು ಹಸಿರು ಬೋರ್ಡು, ನನಗೆ ಅದರಿಂದ ಹೆಮ್ಮೆಯೇ ಇದೆ. ಆದರೆ ಜನ ‘ನಕಲಿ ಡಾಕ್ಟರ್’ ಎನ್ನುವಾಗ ಆಯುರ್ವೇದದವರನ್ನೂ ಅದರಲ್ಲಿ ಸೇರಿಸಿಬಿಡುತ್ತಾರೆ. ನಮಗೂ 1961ರ ರಾಜ್ಯ ಕಾಯ್ದೆ ಇದೆ, ನಮ್ಮದೇ ನೋಂದಣಿ ಮಂಡಳಿ ಇದೆ. ಐದೂವರೆ ವರ್ಷ ನಾವೂ ಓದಿದ್ದೇವೆ.

ಹಳ್ಳಿ_ನರ್ಸ್
ಓದಿದ್ದನ್ನು ಮಾಡಿದರೆ ಯಾರ ತಕರಾರೂ ಇಲ್ಲ ಸರ್. ಹಸಿರು ಬೋರ್ಡ್ ಒಳಗೆ ಅಲೋಪತಿ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿದಾಗ ಪ್ರಶ್ನೆ ಬರುತ್ತದೆ.

ಬಿಎಎಂಎಸ್_ಬಾಗಲಕೋಟೆ
ಅದಕ್ಕೂ ರಾಜ್ಯ ಆದೇಶ ಮಾಡಿದರೆ ಅವಕಾಶ ಇದೆ, 1998ರಲ್ಲಿ ಮುಖ್ತಿಯಾರ್ ಚಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ.

ಧಾರವಾಡ_ವಕೀಲ
ಹೇಳಿದೆ, ಆದರೆ ಆ ರಾಜ್ಯದ ಕಾನೂನಿನಲ್ಲಿ ಅವಕಾಶ ಇದ್ದರೆ ಮಾತ್ರ. ಅದಕ್ಕೂ ಮುಂಚೆ 1996ರಲ್ಲಿ ಪೂನಂ ವರ್ಮಾ ಕೇಸ್ ಇದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧಿ ಕೊಟ್ಟು ರೋಗಿ ಸತ್ತರು. ಗೊತ್ತಿಲ್ಲದ ಪದ್ಧತಿಗೆ ಕೈ ಹಾಕಿದ್ದೇ ನಿರ್ಲಕ್ಷ್ಯ ಎಂದು ಕೋರ್ಟ್ ಹೇಳಿತು. ಎರಡನ್ನೂ ಒಟ್ಟಿಗೆ ಓದಬೇಕು.

ಅಸ್ಸಾಂ ಕಥೆ ಹೇಳಿದರೆ ಇಲ್ಲಿನ ಚರ್ಚೆಗೆ ಹತ್ತಿರ ಆಗುತ್ತದೆ. ಅಲ್ಲಿ 2004ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ ಹಳ್ಳಿಗೆಂದೇ ಡಿಪ್ಲೊಮಾ ಡಾಕ್ಟರುಗಳನ್ನು ತಯಾರು ಮಾಡಿತು. ಗುವಾಹಟಿ ಹೈಕೋರ್ಟ್ 2014ರಲ್ಲಿ ಅದನ್ನು ರದ್ದು ಮಾಡಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಕೇಂದ್ರದ ಕಾಯ್ದೆ ಇರುವಾಗ ರಾಜ್ಯ ಅದಕ್ಕೆ ವಿರುದ್ಧವಾಗಿ ಬೇರೆ ದಾರಿಯಲ್ಲಿ ಡಾಕ್ಟರ್ ಮಾಡಲು ಬರುವುದಿಲ್ಲ ಎಂದಿತು. ಆದರೆ ಮಧ್ಯದಲ್ಲಿ ಅಸ್ಸಾಂ 2015ರಲ್ಲಿ ಹೊಸ ಕಾಯ್ದೆ ಮಾಡಿ, ಆ ಓದಿದವರನ್ನು ಆರೋಗ್ಯ ಕಾರ್ಯಕರ್ತರು ಎಂದು ಉಳಿಸಿಕೊಂಡಿತ್ತು. ಅದು ಸರಿ ಎಂದಿತು ಕೋರ್ಟ್. ಅಂದರೆ ‘ಡಾಕ್ಟರ್’ ಎನ್ನಬೇಡಿ, ಮಿತಿ ಹಾಕಿ, ಡಾಕ್ಟರ ಕೆಳಗೆ ಕೆಲಸ ಕೊಡಿ ಎಂದ ಹಾಗೆ.

ಕುರಿಗಾರ_ಹಿರಿಯೂರು
ಇದು ಒಪ್ಪುವ ಮಾತು.

ಟ್ರ್ಯಾಕ್ಟರ್_ಗೌಡ
ಸುಮ್ನೆ ಕೋರ್ಟು ಕಚೇರಿ ಮಾತು ಯಾಕೆ? ಖಾಲಿ ಹುದ್ದೆ ತುಂಬಿದರೆ ಎಲ್ಲ ಸರಿ ಹೋಗುತ್ತದೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಇಷ್ಟು ಕಡೆ ಪಶುವೈದ್ಯ ಕಾಲೇಜು ಇಟ್ಟುಕೊಂಡು ಡಾಕ್ಟರ್ ಇಲ್ಲ ಎಂದರೆ ಯಾರು ನಂಬುತ್ತಾರೆ?

ಪಶುವೈದ್ಯ_ಮಧುಗಿರಿ
ಅಥಣಿ ಬಿಟ್ಟಿರಿ ಗೌಡ್ರೆ. ಹುದ್ದೆ ತುಂಬಬೇಕು ಎನ್ನುವುದು ನಿಜ. ಆದರೆ ಪಾಸಾದ ಮಕ್ಕಳಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿ ನಾಯಿ, ಬೆಕ್ಕಿನ ಕ್ಲಿನಿಕ್ಕಿಗೆ ಹೋಗುತ್ತಾರೆ. ಮನುಷ್ಯರ ಡಾಕ್ಟರಿಗೆ ನಮ್ಮ ರಾಜ್ಯ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿ ಒಂದು ವರ್ಷ ಹಳ್ಳಿ ಎಂದಿತು. ಪಶುವೈದ್ಯರಿಗೂ ಅಂಥದ್ದು ಬರಲಿ ಎಂದು ನಾನು ಹೇಳಿದರೆ ನನ್ನ ಕಿರಿಯ ಸಹೋದ್ಯೋಗಿಗಳು ಜಗಳಕ್ಕೆ ಬರುತ್ತಾರೆ. ಆದರೂ ಹೇಳುತ್ತೇನೆ.

ನಾಯಿಪ್ರೇಮಿ_ಬೆಂಗಳೂರು
ಬೆಂಗಳೂರಿನ ಕ್ಲಿನಿಕ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ನಾಯಿಗೆ ಒಂದು ಕಡೆ ಆಪರೇಷನ್ ಮಾಡಿಸಿದೆವು. ಅರಿವಳಿಕೆ ಕೊಟ್ಟಿದ್ದು ಡಾಕ್ಟರ್ ಅಲ್ಲ, ಅಲ್ಲಿನ ಸಹಾಯಕ ಎಂದು ಆಮೇಲೆ ಗೊತ್ತಾಯಿತು. ನಾಯಿ ಬದುಕಿತು, ಆದರೆ ಮೂರು ದಿನ ಕಣ್ಣು ಬಿಡಲಿಲ್ಲ. ಕ್ಲಿನಿಕ್ಕಿಗೆ ಕೆಪಿಎಂಇ ಲೈಸೆನ್ಸ್ ಇದೆಯಾ ಎಂದು ಕೇಳಬಹುದಾ?

ಧಾರವಾಡ_ವಕೀಲ
ಕೆಪಿಎಂಇ ಮನುಷ್ಯರ ಆಸ್ಪತ್ರೆಗೆ ಮಾತ್ರ ಮೇಡಂ. ಆರೋಗ್ಯ, ಆಸ್ಪತ್ರೆ ರಾಜ್ಯ ಪಟ್ಟಿಯ 6ನೇ ನಮೂದು. ಅದಕ್ಕೇ ರಾಜ್ಯ 2007ರಲ್ಲಿ ಆ ಕಾಯ್ದೆ ಮಾಡಿದ್ದು. ಪಶು ಕ್ಲಿನಿಕ್ಕಿನಲ್ಲಿ ನೀವು ಕೇಳಬೇಕಾದದ್ದು ಡಾಕ್ಟರ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಡಾಕ್ಟರ ನಡತೆ ಬಗ್ಗೆ ದೂರು ಇದ್ದರೆ ರಾಜ್ಯ ಪರಿಷತ್ತಿಗೆ ಬರೆಯಿರಿ. ನೋಂದಣಿಯೇ ಇಲ್ಲದವರ ಮೇಲೆ ಪರಿಷತ್ತಿನ ಶಿಸ್ತುಕ್ರಮ ಇಲ್ಲ, ಅವರಿಗೆ ಪೊಲೀಸು, ಕೋರ್ಟು. ಈ ವ್ಯತ್ಯಾಸ ತುಂಬ ಜನರಿಗೆ ಗೊತ್ತಿಲ್ಲ.

ಟ್ರ್ಯಾಕ್ಟರ್_ಗೌಡ
2017ರಲ್ಲಿ ಅದೇ ಕೆಪಿಎಂಇ ತಿದ್ದುಪಡಿಗೆ ಡಾಕ್ಟರುಗಳು ಮುಷ್ಕರ ಮಾಡಿದ್ದು ನೆನಪಿದೆಯಾ? ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ. ನಮ್ಮ ಚಿಕ್ಕಪ್ಪನಿಗೆ ಎದೆ ನೋವು ಬಂದು ಮೂರು ಆಸ್ಪತ್ರೆ ಸುತ್ತಿದೆವು. ಎಲ್ಲ ಕಡೆ ಓಪಿಡಿ ಬಂದ್. ಜಿಲ್ಲಾ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲದ ಮೇಲೆ ಮಲಗಿಸಿ ಇಸಿಜಿ ಮಾಡಿದರು. ಬದುಕಿದರು, ದೇವರ ದಯೆ. ಅವತ್ತಿನಿಂದ ಡಾಕ್ಟರ್ ಸಂಘದವರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಪಿಜಿ_ಡಾಕ್ಟರ್_ಮೈಸೂರು
ಗೌಡ್ರೆ, ನಿಮ್ಮ ಸಿಟ್ಟು ನ್ಯಾಯ. ಆದರೆ ನಮ್ಮ ಭಯವೂ ನಿಜವಾದದ್ದೇ. ಜೈಲು ಎನ್ನುವ ಮಾತು ಮಸೂದೆಯಲ್ಲಿ ಕಂಡಾಗ ಸಣ್ಣ ನರ್ಸಿಂಗ್ ಹೋಮ್ ನಡೆಸುವವರು ನಡುಗಿಹೋದರು. ಕೊನೆಗೆ ಬದಲಾವಣೆ ಮಾಡಿ ಬೆಳಗಾವಿ ಅಧಿವೇಶನದಲ್ಲಿ ಪಾಸ್ ಮಾಡಿದರು. ರೋಗಿಗಳ ಹಕ್ಕುಗಳ ಪಟ್ಟಿ ಬಂತು. ಬಿಲ್ ಬಾಕಿ ಇದೆ ಎಂದು ಶವ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದಾಯಿತು. ಅದು ಬರಲೇಬೇಕಿತ್ತು ಎಂದು ಡಾಕ್ಟರಾಗಿ ನಾನೇ ಹೇಳುತ್ತೇನೆ.

ನಿರ್ವಾಹಕ
ದಯವಿಟ್ಟು ಹಸುವಿನ ವಿಷಯಕ್ಕೆ ಬನ್ನಿ. ಮುಷ್ಕರದ ಬಗ್ಗೆ ಬೇರೆ ಚರ್ಚೆ ಶುರು ಮಾಡಬಹುದು.

ಡೆನ್ವರ್_ಕನ್ನಡಿಗ
ವಿಷಯಕ್ಕೇ ಬರುತ್ತೇನೆ. ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಇಲ್ಲಿ ವೃತ್ತಿ ಲೈಸೆನ್ಸ್ ಪೂರ್ತಿ ಆಯಾ ರಾಜ್ಯದ್ದು. 2024ರ ನವೆಂಬರ್ ಚುನಾವಣೆಯಲ್ಲಿ ಮತಪತ್ರದಲ್ಲೇ ಒಂದು ಪ್ರಶ್ನೆ ಇತ್ತು. ಪೂರ್ತಿ ಪಶುವೈದ್ಯರೂ ಅಲ್ಲದ, ಬರೀ ಸಹಾಯಕರೂ ಅಲ್ಲದ, ಮಧ್ಯದ ಹಂತದ ಹೊಸ ಹುದ್ದೆಯೊಂದಕ್ಕೆ ಲೈಸೆನ್ಸ್ ಕೊಡಬೇಕಾ ಅಂತ. ಪಶುವೈದ್ಯರ ಸಂಘಗಳು ಬೇಡವೇ ಬೇಡ ಎಂದವು. ಪ್ರಾಣಿ ದಯಾ ಸಂಘದವರು ಬೇಕು ಎಂದರು. ಜನ ಸ್ವಲ್ಪ ಅಂತರದಲ್ಲಿ ಹೂಂ ಎಂದರು. ನಾನು ಹಾಸನದ ರೈತನ ಮಗ, ಇಲ್ಲಿ ಓಟಿನ ಹಕ್ಕಿದೆ, ಹೂಂ ಎಂದೇ ಹಾಕಿದೆ. ಹಾಕುವಾಗ ನೆನಪಾದದ್ದು ನಮ್ಮೂರ ಕೊಟ್ಟಿಗೆ. ಒಂದು ಶರತ್ತು ಇದೆ ನೋಡಿ, ಇಲ್ಲೂ ಅವರು ಪಶುವೈದ್ಯರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು.

ಪಶುವೈದ್ಯ_ಮಧುಗಿರಿ
ಎಲ್ಲ ಕಡೆ ಅದೇ ಪದಕ್ಕೆ ಬಂದು ನಿಲ್ಲುತ್ತದೆ. ಮೇಲ್ವಿಚಾರಣೆ. 30 ಹಳ್ಳಿಗೆ ಒಬ್ಬ ಡಾಕ್ಟರ್ ಇದ್ದರೆ ಅವನು ಯಾರನ್ನು ಮೇಲ್ವಿಚಾರಣೆ ಮಾಡುತ್ತಾನೆ?

ಡಿಪ್ಲೊಮಾ_ಹುಡುಗ
ಫೋನಿನಲ್ಲಿ ಮಾಡಲಿ ಸರ್. ಮನುಷ್ಯರಿಗೆ 2020ರಲ್ಲೇ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ನಾನು ಹಸುವಿನ ಹತ್ತಿರ ನಿಂತು ವಿಡಿಯೋ ಕಾಲ್ ಮಾಡುತ್ತೇನೆ. ಜ್ವರ ಎಷ್ಟು, ಕೆಚ್ಚಲು ಹೇಗಿದೆ, ಕಣ್ಣಿನ ಕೆಳಗೆ ಬಣ್ಣ ಏನು, ತೋರಿಸುತ್ತೇನೆ. ಡಾಕ್ಟರ್ ಕೊಡು ಎಂದರೆ ಕೊಡುತ್ತೇನೆ, ಬೇಡ ಎಂದರೆ ಇಲ್ಲ. ಅವರ ಹೆಸರು, ನನ್ನ ಹೆಸರು, ಸಮಯ, ಔಷಧಿ, ಎಲ್ಲ ಹಸುವಿನ 12 ಅಂಕಿಯ ಓಲೆ ನಂಬರಿನ ಕೆಳಗೆ ದಾಖಲಾಗಲಿ. ತಪ್ಪಾದರೆ ಯಾರದ್ದು ಎಂದು ಗೊತ್ತಾಗುತ್ತದೆ.

ಪಶುವೈದ್ಯ_ಮಧುಗಿರಿ
ಎದೆಬಡಿತ ಫೋನಿನಲ್ಲಿ ಕೇಳಿಸುವುದಿಲ್ಲ ತಮ್ಮಾ.

ಡಿಪ್ಲೊಮಾ_ಹುಡುಗ
ನನಗೆ ಕೇಳಿಸುತ್ತದೆ ಸರ್. ಸ್ಟೆತೊಸ್ಕೋಪು ನನ್ನ ಕಿವಿಯಲ್ಲಿ ಇರುತ್ತದೆ.

ಪಶುವೈದ್ಯ_ಮಧುಗಿರಿ
ಒಪ್ಪಿದೆ. ಸರ್ಕಾರ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಪಟ್ಟಿಯಲ್ಲಿ ಸೇರಿಸಿದರೆ ನಾನು ವಿರೋಧ ಮಾಡುವುದಿಲ್ಲ. ಬ್ರುಸೆಲ್ಲಾ (ಹಸುವಿಗೆ ಗರ್ಭಪಾತ ತರುವ ರೋಗ) ಲಸಿಕೆ ಹಾಕುವಾಗ ಎಷ್ಟು ಎಚ್ಚರ ಕಲಿಸುತ್ತೇವೆ, ಅಷ್ಟು ಕಲಿಸಬೇಕು. ಆ ಲಸಿಕೆಯಲ್ಲಿ ಇರುವುದು ಜೀವಂತ ಸೂಕ್ಷ್ಮಜೀವಿ, ಹಾಕುವವನ ಕೈಗೆ ಚುಚ್ಚಿದರೆ ಅವನಿಗೇ ರೋಗ. ಕೈಗವಸು, ಕನ್ನಡಕ ಇಲ್ಲದೆ ನಾನು ಯಾರನ್ನೂ ಬಿಡುತ್ತಿರಲಿಲ್ಲ.

ಕೊಟ್ಟಿಗೆಮನೆ_ಮಾಲೂರು
1962ಕ್ಕೆ ಯಾರೂ ಫೋನ್ ಮಾಡುವುದಿಲ್ಲವಾ? ಪಶು ಸಂಜೀವಿನಿ ಗಾಡಿಯಲ್ಲಿ ಡಾಕ್ಟರ್ ಬರುತ್ತಾರೆ. ನಮ್ಮ ಕಡೆ ಒಂದು ಸಲ ಕರು ಅಡ್ಡ ಸಿಕ್ಕಿಕೊಂಡಾಗ ಬಂದು ಕೈ ಹಾಕಿ ತಿರುಗಿಸಿ ತೆಗೆದರು. ಭುಜದವರೆಗೂ ಕೈ ಒಳಗೆ. ಮುಕ್ಕಾಲು ಗಂಟೆ. ತಾಯಿ ಕರು ಎರಡೂ ಉಳಿದವು.

ಹೈನುಗಾರ_ಅರಸೀಕೆರೆ
ಅಕ್ಕ, ಆ ಗಾಬರಿಯಲ್ಲಿ ನೆನಪೇ ಬರಲಿಲ್ಲ. ಆ ನಂಬರ್ ಈಗ ಕೊಟ್ಟಿಗೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ಬರೆದಿದ್ದೇನೆ.

ಹೈನುಗಾರ_ಅರಸೀಕೆರೆ
ಎಲ್ಲರಿಗೂ ತಿಳಿಸಬೇಕು ಎಂದು ಬಂದೆ. ನಿನ್ನೆ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ಲಿಖಿತ ದೂರು ಕೊಟ್ಟೆ. ಅಲ್ಲಿಯವರು ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಗ್ರಾಹಕರ ಆಯೋಗಕ್ಕೆ ಹೋಗುವುದನ್ನು ಇನ್ನೂ ಯೋಚಿಸುತ್ತಿದ್ದೇನೆ.

ಸಂಜೆ ಆ ಬ್ಯಾಗಿನವರೇ ಮನೆಗೆ ಬಂದರು. ಯಾರೋ ಹೇಳಿದ್ದಾರೆ. ಜಗುಲಿಯ ಮೇಲೆ ಕೂತು 1,200 ರೂಪಾಯಿ ವಾಪಸ್ ಇಟ್ಟರು. ನಾನು ಮುಟ್ಟಲಿಲ್ಲ. ‘ನಿಧಾನ ಬಿಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಹೀಗೇ ಕೊಟ್ಟಿದ್ದೇನೆ’ ಎಂದರು. ಎಲ್ಲರಿಗೂ ಎಂದರೆ ಎಷ್ಟು ಹಸು ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದೆ. ಅವರ ಮೇಲೆ ದ್ವೇಷ ಇಲ್ಲ. ಆದರೆ ಇನ್ನೊಂದು ಕೊಟ್ಟಿಗೆಯಲ್ಲಿ ಅವರು ಬಾಟಲಿ ಎತ್ತಿ ಹಿಡಿಯುವುದು ನನಗೆ ಬೇಡ.

ಧಾರವಾಡ_ವಕೀಲ
ದೂರಿನ ಸ್ವೀಕೃತಿ ಜೋಪಾನ. ಆ ಹಣ ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು.

ಡಿಪ್ಲೊಮಾ_ಹುಡುಗ
ಅಣ್ಣ, ನಿಮ್ಮ ಹತ್ತಿರ ಇನ್ನೊಂದು ಗಬ್ಬದ ಹಸು ಇದೆಯಾ? ಇದ್ದರೆ ಈಗಲೇ ಕ್ಯಾಲ್ಸಿಯಂ ಜಾಸ್ತಿ ಕೊಡಬೇಡಿ. ಕರು ಹಾಕುವ ಮುಂಚೆ ಜಾಸ್ತಿ ಕೊಟ್ಟರೆ, ಹಾಕಿದ ಮೇಲೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವುದು ದೇಹಕ್ಕೆ ಮರೆತುಹೋಗಿರುತ್ತದೆ. ಡಾಕ್ಟರ್ ಸರ್, ನಾನು ಹೇಳಿದ್ದು ಸರಿನಾ?

ಪಶುವೈದ್ಯ_ಮಧುಗಿರಿ
ಸರಿ. ಕರು ಹಾಕಿದ ದಿನದಿಂದ ಶುರು ಮಾಡಲಿ, ಅದೂ ಡಾಕ್ಟರನ್ನು ಕೇಳಿ.

ಹೈನುಗಾರ_ಅರಸೀಕೆರೆ
ಇದೆ ತಮ್ಮಾ, ಇನ್ನು 20 ದಿನ ಇದೆ. ಡಬ್ಬಿ ತಂದಿಟ್ಟಿದ್ದೆ, ಇವತ್ತೇ ನಿಲ್ಲಿಸುತ್ತೇನೆ.

ಕೊಟ್ಟಿಗೆಮನೆ_ಮಾಲೂರು
ತಾಯಿ ಇಲ್ಲದ ಆ ಕರು ಹೇಗಿದೆ ಅಣ್ಣ?

ಹೈನುಗಾರ_ಅರಸೀಕೆರೆ
ಹೆಣ್ಣು ಕರು ಅಕ್ಕ. ಮೊದಲ ದಿನ ಗಿಣ್ಣು ಹಾಲು ಕುಡಿದಿತ್ತು, ಅದೇ ಪುಣ್ಯ. ಈಗ ಪಕ್ಕದ ಮನೆಯವರ ಹಸುವಿನ ಹಾಲು ತಂದು ಬಾಟಲಿಯಲ್ಲಿ ಕುಡಿಸುತ್ತಿದ್ದೇವೆ. ನಿನ್ನೆಯಿಂದ ಅಂಗಳದಲ್ಲಿ ಕುಣಿಯುತ್ತಿದೆ.